ಬಿಗಿನ್

ಬನಹಟ್ಟಿಯ ಏಳನೇತ್ತೆಗೆ ಇಂಗ್ಲಿಷ್ ಕಲಿಸುವ ಅಕ್ಕೋರು ನಾನು.
ಹಲಗೆಯ ಮೇಲೆ ಆವತ್ತು ಮೂರು ಪದ:
ಬಿಗಿನ್, ಬಿಗ್ಯಾನ್, ಬಿಗನ್.
ಮಳೆ ಬಿಗಿನ್ ಆಗಬಹುದು, ಪಾಠ ಬಿಗಿನ್ ಆಗಬಹುದು,
ಗಾಡಿಗೆ ಮಾತ್ರ ಬಿಗಿನ್ ನಡೆಯದು,
ಗಾಡಿ ಸ್ಟಾರ್ಟೇ ಆಗಬೇಕು, ಎಂದೆ.
‘ಮಗ್ಗಕ್ಕರೀ?’ ಹಿಂದಿನ ಬೆಂಚು ಕೇಳಿತು.
ಮಗ್ಗವೂ ಸ್ಟಾರ್ಟೇ.
‘ಜಗಳಕ್ಕರೀ?’
ಅದಕ್ಕ ಎರಡೂ ನಡೀತಾವ, ಅಂದು ನಗಿಸಿದೆ.

ಪ್ರಭುಲಿಂಗ ಭದ್ರನ್ನವರ ಎದ್ದು ನಿಂತ.
ಅವನಿಗೆ ಗೊತ್ತು. ಕಣ್ಣಿಗೆ ಗೊತ್ತು, ಬೆರಳಿಗೂ ಗೊತ್ತು,
ತುಟಿಗೆ ಬಂದಾಗ ಮಾತ್ರ
ಬ—
ಬ—
ಯಾರೋ ಕಿಸಕ್ಕೆಂದರು.
ಆಗ ಕಂಡಿತು ನನಗೆ, ಹದಿನಾರು ವರ್ಷ ಕಲಿಸಿಯೂ ಕಾಣದ್ದು:
ಬಿಗಿನ್ನಿನ ಒಳಗೇ ಕೂತಿದೆ ನಮ್ಮ ಬಿಗಿ.
ಹಾಸಿನ ಬಿಗಿ, ಹೆರಳಿನ ಬಿಗಿ,
ಗಂಟಲ ಬಿಗಿ.
ಕೂಡು ಅಂದೆ. ಕೂಡಲಿಲ್ಲ.
ಗಂಟೆ ಹೊಡೆಯಿತು.

ಶನಿವಾರ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಿಸಲು ಅವರ ಮನೆಗೆ ಹೋದೆ.
ಓಣಿಗೆ ಕಾಲಿಟ್ಟರೆ ನೆಲವೇ ನಡುಗುತ್ತದೆ ಅಲ್ಲಿ,
ಪತ್ರಾಸಿನ ಕೆಳಗೆ ನಾಲ್ಕು ಪವರ್‌ಲೂಮು,
ಲಾಳಿ ಬಡಿಯುವ ಸದ್ದಿಗೆ ಅವರಪ್ಪ
ನನ್ನನ್ನು ಕೈಸನ್ನೆಯಲ್ಲೇ ಮಾತಾಡಿಸಿದ.
ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಪ್ರಭುಲಿಂಗ,
ಬೆನ್ನು ಇತ್ತ.
ಬಗ್ಗಿ ಕಿವಿಗೊಟ್ಟೆ:
ಬಿಗಿನ್ ಬಿಗ್ಯಾನ್ ಬಿಗನ್ ಬಿಗಿನ್ ಬಿಗ್ಯಾನ್ ಬಿಗನ್
ಎಣ್ಣೆ ಬಿಟ್ಟ ಹಾಗೆ, ಒಂದೂ ಎಳೆ ಕಡಿಯದೆ.
ತನ್ನ ದನಿ ತನಗೇ ಕೇಳಿಸದ ಕಡೆ
ಅವನಿಗೆ ದನಿಯ ಹೆದರಿಕೆ ಇರಲಿಲ್ಲ.

ಕರೆಂಟು ಹೋಯಿತು.
ಲಾಳಿ ಅರ್ಧ ಹಾದಿಯಲ್ಲಿ ನಿಂತಿತು.
ಓಣಿಗೆ ಓಣಿಯೇ ಮೌನ, ದೂರದಲ್ಲಿ ಒಂದು ಆಡಿನ ಮರಿ.
ಅವನು ತಿರುಗಿ ನನ್ನನ್ನು ನೋಡಿದ.
ಹೇಳಪಾ, ಅಂದೆ.

ಕೂಸು ಅಳಾಕ ಹತ್ತೇತಿ ಅಂತೀವಿ ನಮ್ಮ ಕಡೆ.
ಈಗಷ್ಟೇ ಬಾಯಿ ತೆರೆಯಿತೋ, ಆಗಿನಿಂದ ಅಳುತ್ತಲೇ ಇದೆಯೋ
ಆ ಮಾತು ಹೇಳುವುದಿಲ್ಲ.
ಶುರುವಾಗುವುದಕ್ಕೂ ನಡೆದಿರುವುದಕ್ಕೂ
ನಮ್ಮಲ್ಲಿ ಒಂದೇ ಹತ್ತು,
ಗುಡ್ಡಕ್ಕೂ ಅದೇ, ಬೆಂಕಿಗೂ ಅದೇ.
ಇದನ್ನು ಹಲಗೆಯ ಮೇಲೆ
ಯಾವ ಸಾಲಿನ ಎದುರು ಬರೆಯಲಿ?

ಅವನ ಗಂಟಲು ಏರಿತು, ಇಳಿಯಿತು.
‘ಹೇ— ಹೇಳಾಕ
ಹ—
ಹ—
ಹತ್ತೀನ್ರಿ ಅಕ್ಕೋರ.’

ಹೂಂ, ಅಂದೆ.
ಅವರಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ
ಸ್ವಿಚ್ಚಿನ ಹತ್ತಿರ ನಿಂತೇ ಇದ್ದ.
ಕರೆಂಟು ಇನ್ನೂ ಬಂದಿರಲಿಲ್ಲ.