ನಾಲ್ಕನೇ ಸಾಲಿನ ಕೆಮ್ಮು

ವಾಡಿ ಸ್ಟೇಷನ್ನಿನ ಎದುರು, ಸಿಮೆಂಟಿನ ಧೂಳು
ಒರೆಸಿ ಒರೆಸಿ ಬಿಳಿಚಿದ ಗಾಜಿನ ಹಿಂದ ನನ್ನ ಡಬ್ಬಿ ಅಂಗಡಿ.
ಎಂಟು ಜಿಬಿ ಕಾರ್ಡು ತುಂಬಿಸಿದರ ನಲವತ್ತು ರೂಪಾಯಿ,
ಗುರುತಿನವರಿಗೆ ಮೂವತ್ತು.
ಶುಕ್ರವಾರ ಬಿಟ್ಟ ಸಿನಿಮಾ ಶನಿವಾರ ನಮ್ಮಲ್ಲಿ,
ಪರದೆ ಮುಂದ ಎದ್ದು ಹೋಗಾವನ ತಲೆ ಸಮೇತ.

ಪೊಲೀಸರು ಒಮ್ಮೆ ಬಂದಿದ್ದರು. ಅವರಿಗೂ ತುಂಬಿಕೊಟ್ಟೆ.

ಕಳವು ಅಂದ್ರ ಏನ್ರಿ? ನಾ ಕೇಳತಿದ್ದೆ:
ಎತ್ತು ಹೊಡಕೊಂಡು ಹೋದರ ಗ್ವಾದಲಿ ಖಾಲಿ.
ಹಾಡು ತಗೊಂಡರ, ಹಾಡಿದವರ ಗಂಟಲಾಗ
ಹಾಡು ಇದ್ದೇ ಇರತದಲ್ಲ?

ಹೋದ ಮೊಹರಮ್ಮಿನ ಮುಂದ ಒಬ್ಬರು ಬಂದರು,
ನಾಲವಾರದವರು, ಹೆಗಲ ಮ್ಯಾಲ ಹಸಿರು ವಸ್ತ್ರ.
ರಿವಾಯತ್ ಪದ ಬೇಕಂದರು. ಹಚ್ಚಿದೆ.
ನಾಲ್ಕನೇ ಸಾಲಿಗೆ ಹಾಡಾವ ಕೆಮ್ಮತಾನ;
ಆ ಕೆಮ್ಮು ನನಗ ಬಾಯಿಪಾಠ.
ಅದಕ್ಕಿಂತ ಒಂದು ಗಳಿಗೆ ಮೊದಲ
ಅವರು ವಸ್ತ್ರದ ಚುಂಗು ಬಾಯಿಗೆ ಹಿಡಿದರು.

"ಅವತ್ತ ಜ್ವರ ಇತ್ತು. ಇನ್ನೊಮ್ಮೆ ಹಾಡತೀನಿ ಅಂದ್ರ
ಸ್ಟುಡಿಯೋದವ ಮತ್ತ ರೊಕ್ಕ ಕೇಳಿದ."
ಬೈಯಲಿಲ್ಲ. ಪಾಲು ಕೇಳಲಿಲ್ಲ.
"ಇದಕ್ಕ ಹೆಸರು ಹಾಕ್ತೀಯೇನಪಾ?"
ಫೈಲಿನ ಮ್ಯಾಲ ಇದ್ದದ್ದು: ಹೊಸದು, ನಲವತ್ತೇಳು.

ಒಂದೊಂದೇ ಅಕ್ಷರ ಒತ್ತಿದೆ: ಮೋ ದಿ ನ ಸಾ ಬ.
ಆಗಲೇ ಎಷ್ಟು ಸಾವಿರ ಕಾರ್ಡು
ಲಾರಿ ಹತ್ತಿ, ರೈಲು ಹತ್ತಿ, ಸೊಲ್ಲಾಪುರ ದಾಟಿದ್ದವೋ
ಹೆಸರಿಲ್ಲದೆ, ಕೆಮ್ಮಿಕೋತ.

ಎದ್ದು ನಿಂತು ಕಿಸೆಗೆ ಕೈ ಹಾಕಿದರು: "ಎಷ್ಟು ಕೊಡಲಿ?"

ಬಾಯಿ ತಪ್ಪಿ, ಖರೇನ ಬಾಯಿ ತಪ್ಪಿ
"ಗುರುತಿನವರಿಗೆ ಮೂವತ್ತು" ಅಂದೆ.

ಎಣಿಸಿ ಕೊಟ್ಟರು.