ಹುಲಿಗೆಮ್ಮನ ಹ

ಗಿ, ಣಿ, ಗೇ, ರಾ.
ನಾಲ್ಕು ಚಪ್ಪಾಳೆ, ನಾಲ್ಕು ಹುಣಸೆಬೀಜ.
ಅಂಗನವಾಡಿಯ ಚಾಪೆಯ ಮೇಲೆ
ಊರನ್ನೇ ಸುಲಿದಿಟ್ಟಿದ್ದೇವೆ, ಅವರೆಕಾಯಿಯ ಹಾಗೆ.
ಗೇಟಿನಾಚೆ ಅದಿರಿನ ಗೂಡ್ಸು ಹೊರಟರೆ ಆಟ ನಿಲ್ಲುತ್ತದೆ.
ಅದು ದಾಟುವ ತನಕ
ಯಾವ ಮಾತಿನ ಮೊದಲೂ ಕೇಳಿಸದು, ಕೊನೆಯೂ ಕೇಳಿಸದು.

ಬಳಪದ 'ಬ' ತೆಗೆದರೆ?
'ಳಪ!' ಎಂದ ಗವಿಸಿದ್ಧ.
ನಾಲಗೆ ಮಡಚಿಕೊಂಡು ತಾನೇ ನಕ್ಕ.
'ಳಪ ಏನ್ ತಿಂತೈತ್ರೀ ಟೀಚರ್?'

ತನ್ನ ಹೆಸರಿಗೆ ಬೀಜ ಇಟ್ಟಳು ಹುಲಿಗೆಮ್ಮ:
ಉ, ಲಿ, ಗೆ, ಮ್ಮ.
ನಾಲ್ಕು. ಲೆಕ್ಕ ಸರಿ.
ಕಳೆದದ್ದು ಬೀಜದ ಒಳಗಿನದು,
ಅದನ್ನು ಎಣಿಸಲು ನನ್ನ ಹತ್ತಿರ ಏನೂ ಇಲ್ಲ.

'ಆಲು ಬೇಕು' ಎಂದಳು ಹತ್ತೂವರೆಗೆ, ಲೋಟ ಒಡ್ಡಿ.
'ಆಲೂ ಅಂದ್ರ ನಮ್ಮನ್ಯಾಗ ಬಟಾಟಿ,
ಬಟಾಟಿ ಕುಡಿತಿಯೇನಬೇ?' ಎಂದ ಮೌಲಾಲಿ.
ಎಲ್ಲರೂ ನಕ್ಕರು. ಅವಳೂ ನಕ್ಕಳು,
ಅರ್ಧಕ್ಕೇ ನಿಲ್ಲಿಸಿದಳು.

ಕಿಟಕಿಕಟ್ಟೆಯ ಮೇಲೆ ಫ್ಯಾಕ್ಟರಿಯ ಕರಿ ಹುಡಿ,
ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ.
ಅವಳನ್ನೆತ್ತಿ ಅದರೆದುರು ನಿಲ್ಲಿಸಿದೆ.
'ಉ' ಅನ್ನು, ಎಂದೆ. ಹುಡಿ ಕದಲಲಿಲ್ಲ.
ಈಗ 'ಹು'. ಬಿಸಿ ಗಂಜಿ ಆರಿಸಿದಂಗ.
ಹುಡಿ ಸರಿಯಿತು,
ಬೆರಳಗಲ ಸುಣ್ಣದ ಬಿಳುಪು ಕಂಡಿತು.
ನೋಡಿದಳು. ಮತ್ತೆ ಊದಿದಳು. ಕೆನ್ನೆಗೆಲ್ಲ ಕಪ್ಪು.
'ಹುಲಿ' ಎಂದಳು. ತಡೆದು, 'ಉಲಿ' ಎಂದಳು.
ಒಂದಕ್ಕೆ ಪಟ್ಟೆಗಳಿವೆ, ಇನ್ನೊಂದು ಬರೀ ದನಿ.
ಅದು ಅವಳಿಗೆ ಗೊತ್ತಿಲ್ಲ. ನನಗೇ ಮೈ ಜುಂ ಎಂದಿತು.

ಸಂಜೆ ಅವಳವ್ವ ಬಾಗಿಲಲ್ಲೇ ನಿಂತು ಕೂಗಿದಳು:
'ಉಲಿಗೀ, ಓಗೋಣು ಬಾ.'
ಓಡಿದಳು, ಚಪ್ಪಲಿಯನ್ನೂ ಮರೆತು.
ತಿದ್ದಲು ತೆರೆದ ಬಾಯಿ ಮುಚ್ಚಿಕೊಂಡೆ.
ನನ್ನವ್ವನೂ 'ಊವು ಕಿತ್ತು ತಾ' ಎಂದವಳೇ;
ಆ ಮಲ್ಲಿಗೆಗೇನೂ ವಾಸನೆ ಕಡಿಮೆ ಇರಲಿಲ್ಲ.

ಇವತ್ತು ಉಂಡು ಮಲಗಿದ್ದಾರೆ ಹದಿನೇಳು ಮಂದಿ.
ರಿಜಿಸ್ಟರ್ ಬರೆಯದೆ ಹಾಗೇ ಇದೆ.
ಗೂಡ್ಸು ದಾಟಿ ಹೋಗಿದೆ.
ಹುಲಿಗೆಮ್ಮನ ಬಾಯೆದುರು ಅಂಗೈ ಹಿಡಿಯುತ್ತೇನೆ:
ಹ. ಸ್ವಲ್ಪ ಬಿಟ್ಟು, ಹ.
ಯಾರೂ ಕಲಿಸಿದ್ದಲ್ಲ.
ಪಕ್ಕದಲ್ಲಿ ಮೌಲಾಲಿಯ ಗೊರಕೆ.
ಅದಕ್ಕೆ ಅಕ್ಷರ ಯಾವುದು, ಇನ್ನೂ ಹುಡುಕಬೇಕು.