ಒಸಡಿನ ಬಣ್ಣ

ನನ್ನ ಕಸುಬಿನ ಬಣ್ಣ ಗುಲಾಬಿ.
ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ,
ಮೆಟ್ಟಿಲೇರಿದರೆ ಬಲಕ್ಕೆ,
ಹಲ್ಲಿನ ಸೆಟ್ಟು ಕಟ್ಟುವವನು ನಾನು.
ಪುಡಿಗೆ ದ್ರವ ಬೆರೆಸಿ, ಹಿಟ್ಟಿನ ಹದಕ್ಕೆ ಬಂದಾಗ
ಅಚ್ಚಿಗೆ ಒತ್ತಿ, ನೀರಲ್ಲಿ ಬೇಯಿಸಿದರೆ
ಸಂಜೆಗೆ ಒಸಡು ಸಿದ್ಧ.
ಯಾರ ಬಾಯಿಗಾದರೂ ಬಣ್ಣ ಒಂದೇ.

ಗೋಡೆಗೆ ಆನಿಸಿಟ್ಟ ಈ ಮೂರಡಿ ಗಾಜಿನ ಕಡಲಲ್ಲಿ
ಅದೇ ಗುಲಾಬಿ ತಾನಾಗಿ ಬರಲೆಂದು
ದೀಪಾವಳಿಯಿಂದ ಕಾಯುತ್ತಿದ್ದೇನೆ.

ಕಡಲೆಂದರೆ, ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬಿಡುವ
ವಾರ್ಡಿನ ಶುದ್ಧ ನೀರಿನ ಘಟಕ,
ಮೊಪೆಡ್ಡಿನಲ್ಲಿ ನಾಲ್ಕು ಸಲಕ್ಕೆ ಎಂಟು ಕ್ಯಾನು,
ಮೇಲೆ ಡಬ್ಬಿ ಉಪ್ಪು.
ನಮ್ಮ ಬೋರಿನ ನೀರು ಸುರಿಯುವ ಹಾಗಿಲ್ಲ.
ಅದು ಏನು ಮಾಡುತ್ತದೆಂದು ಈ ಸೀಮೆಯ
ಮಕ್ಕಳ ಮುಂಬಲ್ಲು ನೋಡಿದವನಿಗೆ ಗೊತ್ತು:
ಸುಣ್ಣದ ಗೆರೆ, ಅದರ ಮೇಲೆ ಒರೆಸಿದರೂ ಹೋಗದ ಚಹಾ.

ಮೊದಲ ತಿಂಗಳು ಕಂದು ಬಂತು,
ಮರಳಿನ ಮೇಲೆ ರಾಗಿ ಅಂಬಲಿ ಚೆಲ್ಲಿದ ಹಾಗೆ.
ಆಮೇಲೆ ಹಸಿರು, ಕೂದಲು ಕೂದಲಾಗಿ.
ಊಟದ ಕ್ಯಾರಿಯರ್ ತಂದ ರೆಡ್ಡೆಮ್ಮ ಇಣುಕಿ ನೋಡಿ
"ಥೇಟ್ ಕಲ್ಯಾಣಿ" ಎಂದಳು. "ಕಪ್ಪೆ ಯಾವಾಗ?"

ಶಿವಾಜಿನಗರದ ಮೀನಿನಂಗಡಿಯ ಜಬ್ಬಾರ್
ತನ್ನ ಹನ್ನೆರಡು ವರ್ಷದ ತೊಟ್ಟಿಯಿಂದ
ಹೆಬ್ಬೆಟ್ಟಿನಷ್ಟು ಕಲ್ಲು ಎತ್ತಿ, ಒದ್ದೆ ಪೇಪರ್ ಸುತ್ತಿ ಕೊಟ್ಟ.
ಮೈತುಂಬ ಕೆನ್ನೇರಳೆ ಹೊಪ್ಪಳೆ.
"ಇದು ಹೆಪ್ಪು ಸಾರ್. ಹಾಲು ನಿಮ್ಮದು."
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.
ಮೇಣ ಕೆತ್ತುವ ಉಳಿಯಿಂದ ನೀರೊಳಗೇ ಕೆರೆದೆ,
ಪುಡಿ ಪಂಪಿನ ಸುಳಿಗೆ ಸಿಕ್ಕು
ಎಲ್ಲಿ ಹೋಯಿತೋ.

ಸುಣ್ಣ ತಿನ್ನುವ ಜೀವ ತಾನೇ ಎಂದು
ಕ್ಯಾಲ್ಸಿಯಂ ಒಂದು ಲೋಟ ಹೆಚ್ಚೇ ಸುರಿದೆ,
ಬೆನ್ನಿಗೇ ಸೋಡಾ.
ತೊಟ್ಟಿಗೆ ತೊಟ್ಟಿಯೇ ಮಜ್ಜಿಗೆ!
ಮೂವತ್ತು ವರ್ಷ ಪ್ಲಾಸ್ಟರು ಕಲಸಿದ ಕೈ ಇದು,
ಕಣ್ಣಳತೆಯೇ ಸಾಕೆಂದು ಬೀಗಿದ ಕೈ.
ಪಂಪು ಬಿಚ್ಚಿದರೆ ಒಳಗೆಲ್ಲ ಗಾರೆ.
ಕೂತು ಕೆರೆದೆ. ಆ ಕೆಲಸ ಮಾತ್ರ ಹೊಸದಲ್ಲ.

ಈಗ ಅಳೆಯುತ್ತೇನೆ. ಭಾನುವಾರ, ಬಾಯಿ ತೊಳೆಯುವ ಮೊದಲು,
ಕುಪ್ಪಿಗೆ ಐದು ಮಿಲಿ ನೀರು, ಹನಿ, ಇನ್ನೊಂದು ಹನಿ,
ಗುಲಾಬಿ ನೀಲಿಗೆ ತಿರುಗುವ ತನಕ.
ನಾನೂರ ಇಪ್ಪತ್ತು. ಕ್ಷಾರ ಎಂಟೂವರೆ.
ಹಳೇ ಬಿಲ್ಲುಗಳ ಬೆನ್ನಿಗೆ ಬರೆದಿಡುತ್ತೇನೆ,
ಅಂಕಿ ಅಲ್ಲಾಡದ ವಾರ ನನಗೆ ಹಬ್ಬ.
ಹೆಪ್ಪಿನ ಕಲ್ಲು ಒಂದು ಮಗ್ಗುಲು ಬಿಳಿಚಿಕೊಂಡ ದಿನ
ಬಿಳಿ ದೀಪ ಇಳಿಸಿ ನೀಲಿ ಉಳಿಸಿದೆ.
ಮೀನಿಗೆ ತಿಂಡಿ ಚಿಟಿಕೆಗೆ ಇಳಿಯಿತು.
ಆರು ಬಸವನಹುಳು ರಾತ್ರಿಯೆಲ್ಲ ಗಾಜು ನೆಕ್ಕುತ್ತವೆ,
ಸಂಬಳ ಕೇಳದ ಆಳುಗಳು.

ನಿನ್ನೆ ಊಲವಾಡಿಯ ಪಿಳ್ಳಮುನಿಶಾಮಪ್ಪನವರು ಬಂದಿದ್ದರು.
ಕೆಳಗಿನ ಸೆಟ್ಟು ಒತ್ತುತ್ತದಂತೆ, ಉಜ್ಜಿ ಕೊಡಬೇಕು.
ನಾನು ಮೋಟಾರಿಗೆ ಕೂತೆ, ಅವರು ಬೋಡುಬಾಯಲ್ಲಿ
ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ.
ಸ್ವಲ್ಪ ಹೊತ್ತಿಗೆ ಟವೆಲು ಗಾಜಿಗೆ ಉಜ್ಜುವ ಸದ್ದು.
"ಇಲ್ಲಿ ಹಲ್ಲುಪುಡಿ ಅಂಟೈತಲ್ಲಪ್ಪ,
ಎಷ್ಟು ಒರೆಸಿದ್ರೂ ಹೋಗವಲ್ದು."

ಒಳಗಿನದು.
ಪಂಪಿನ ಕೆಳಗೆ, ನೆರಳಲ್ಲಿ, ಸಾಸಿವೆಯಷ್ಟು ಮೂರು.
ಬಾಯಿಗಿಡುವ ಪುಟ್ಟ ಕನ್ನಡಿ ನೀರಿಗಿಳಿಸಿ
ಪೈಪಿನ ಬೆನ್ನು ತಿರುವಿ ನೋಡಿದರೆ ನಾಲ್ಕನೆಯದೂ.
ಯಾವ ಡಬ್ಬಿಯ ಪುಡಿಯಲ್ಲೂ ಇಲ್ಲದ ಗುಲಾಬಿ.

"ನನ್ನ ಹಲ್ಲು?" ಎಂದರು ಅವರು,
ಮೋಟಾರು ಸುಮ್ಮನೆ ತಿರುಗುತ್ತಿತ್ತು.

ಪಾಚಿಯೆಂದರೆ ಜಾರುವುದೆಂದೇ ತಿಳಿದವನು ನಾನು.
ತೋಳು ಮಡಚದೆ ಕೈ ಇಳಿಸಿ
ಒಂದನ್ನು ಉಗುರಿಂದ ಮೆಲ್ಲಗೆ ಮೀಟಿದೆ.
ಬರಲಿಲ್ಲ.